ಪ್ರಫುಲ್ಲಾ ಹೆಸರಿನ ಷೇರುಗಳು

ಜನವರಿ 18, 2010, ಸೋಮವಾರ

218 ನಂಬರ್ ಬಸ್ಸು. ಮಿಯಾಪುರದಿಂದ ಕೋಠಿಯ ತನಕ ನಿಂತೇ ಬಂದೆ. ಕೂತ ಹುಡುಗರೆಲ್ಲ ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆಯ ನಾಟಕ. ಆಫೀಸಿಗೆ ಬಂದರೆ ಕರೆಂಟಿಲ್ಲ. ಕೆಳಗಿನ ಔಷಧಿ ಅಂಗಡಿಗಳ ವಾಸನೆ ಮಾತ್ರ ಹಾಜರ್.

ಹೊಸ ಫೈಲು. ಬಾಲಾನಗರದ ರಾಮಕೃಷ್ಣರಾಯರ ಕಂಪನಿ—ಲ್ಯಾಬುಗಳಿಗೆ ಸೂಕ್ಷ್ಮ ತಕ್ಕಡಿ ಮಾಡುತ್ತಾರೆ. ಗುಲ್ಬರ್ಗಾ ಕಡೆಯವರು. ಅವರ ಹಳೇ ಆಡಿಟರ್ ಕಣ್ಣು ಕಾಣದೆ ಕೆಲಸ ಬಿಟ್ಟರು, ಫೈಲು ನನ್ನ ತಲೆಗೆ ಬಿತ್ತು. ರಾಯರಿಗೂ ವಯಸ್ಸಾಯಿತು. ಪುಣೆಯ ಪಾರ್ಟಿಯೊಂದು ಎಲ್ಲಾ ಷೇರೂ ಕೊಳ್ಳುತ್ತದಂತೆ. ಎಲ್ಲಾ ಅಂದರೆ ಎಲ್ಲಾ, ಒಂದೂ ಬಿಡುವಂತಿಲ್ಲ. ಮಾರ್ಚ್ ಒಳಗೆ ಮುಗಿಯಬೇಕು.

ಷೇರುದಾರರು ಹೆಚ್ಚಿಲ್ಲ. ರಾಯರು, ಹೆಂಡತಿ ಶಾರದಾಬಾಯಿ, ರಾಯರ ತಮ್ಮಂದಿರಿಬ್ಬರು, ಮತ್ತೆ ಪ್ರಫುಲ್ಲಾ ಅಂತ ಒಬ್ಬರು. ಫೋನಿನಲ್ಲಿ ಕೇಳಿದೆ. ಸೊಸೆಯಂತೆ. ವಿಳಾಸ ತಾರ್ನಾಕದ ಮನೆಯದೇ. ಸುಲಭ. ಶುಕ್ರವಾರ ಹೋಗಿ ಸಹಿ ಹಾಕಿಸಿಕೊಂಡು ಬಂದರೆ ಅರ್ಧ ಕೆಲಸ ಆದ ಹಾಗೆ.

ಜನವರಿ 22, ಶುಕ್ರವಾರ

ಸುಲಭವಂತೆ! ನನ್ನ ಬಾಯಿಗಿಷ್ಟು...

ತಾರ್ನಾಕದಲ್ಲಿ ಯೂನಿವರ್ಸಿಟಿ ಗೇಟಿನ ಹತ್ತಿರ ಪೊಲೀಸು, ಅಶ್ರುವಾಯು. ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕು ಅನ್ನುವ ಗಲಾಟೆ. ಆಟೋದವನು ದೂರದಲ್ಲೇ ಇಳಿಸಿ ಓಡಿದ. ಕಣ್ಣು ಒರೆಸಿಕೊಳ್ಳುತ್ತ ನಡೆದು ಹೋದೆ. ಶಾರದಾಬಾಯಿ ಬಾಗಿಲು ತೆಗೆದವರೇ ನನ್ನ ಕಣ್ಣೀರು ನೋಡಿ, ಯಾರು ಹೋದರು ಅಂತ ಗಾಬರಿಯಾದರು.

ರಾಯರ ತಮ್ಮಂದಿರೂ ಬಂದಿದ್ದರು, ನಾಲ್ಕು ಜನರ ಸಹಿ ಆಯಿತು. ಸೊಸೆಯವರನ್ನು ಕರೆಯಿರಿ ಅಂದೆ. ಶಾರದಾಬಾಯಿ ಗೋಡೆಯ ಕಡೆ ಕೈ ಮಾಡಿದರು. ಹೋಗಿಬಿಟ್ಟಿದ್ದಾರೆ ಅಂದುಕೊಂಡೆ—ಸತ್ತವರ ಷೇರಿನ ತಾಪತ್ರಯ ನನಗೆ ಗೊತ್ತು. ನೋಡಿದರೆ ಮದುವೆಯ ಫೋಟೋ. ಒಂಬತ್ತು ಗಜದ ಸೀರೆ, ಮೂಗಿಗೆ ನತ್ತು, ಎಲ್ಲ ಸರಿ. ಕಣ್ಣು ಮಾತ್ರ ನೀಲಿ.

ಜರ್ಮನಿಯವಳು. ಹುಟ್ಟಿದ ಹೆಸರು ಮೋನಿಕಾ. ತಾರ್ನಾಕದ ಲ್ಯಾಬಿಗೆ ಕೆಲಸಕ್ಕೆ ಬಂದವಳು ಇವರ ಮಗ ಶ್ರೀಪಾದನನ್ನು ಮದುವೆಯಾದಳು, ತೊಂಬತ್ನಾಲ್ಕರಲ್ಲಿ. ಇವರಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಬರೆಯುತ್ತಾನೆ. ಶ್ರೀಪಾದ ಪ್ರಫುಲ್ಲಾ ಅಂತ ಬರೆದ. ರಾಯರು ಅದೇ ವಾರ ಅದೇ ಹೆಸರಿಗೆ ಷೇರು ಮಾಡಿಸಿದರು. ಪಾಸ್‌ಪೋರ್ಟಿನಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ. ಮಗ ಎರಡು ಸಾವಿರದ ಒಂದರಲ್ಲಿ ಹಾರ್ಟ್ ಅಟ್ಯಾಕಿನಿಂದ ಹೋದ. ಮರುವರ್ಷ ಅವಳು ತನ್ನ ಊರಿಗೆ ಹೋದಳು. ಅಲ್ಲಿ ಸರ್ಕಾರಿ ಶಾಲೆಯಲ್ಲಿ ಟೀಚರ್. ಆಗಾಗ, ದೀಪಾವಳಿಗಂತೂ ತಪ್ಪದೆ ಫೋನ್ ಮಾಡುತ್ತಾಳೆ.

ಷೇರಿನ ವಿಷಯ ಆಕೆಗೆ ಹೇಳಿದ್ದೀರಾ ಅಂತ ಕೇಳಿದೆ.

“ಹೇಳೂದೇನದರಿ ಅದರಾಗ? ಸೊಸೀದು ಸೊಸೀದಽ” ಅಂದರು ಶಾರದಾಬಾಯಿ.

ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಅದೇ ದಿನ, ಸಂಜೆ 6

ಸಮಾಧಾನವಾಗಿ ಯೋಚಿಸುತ್ತೇನೆ. ಷೇರು ಕೊಟ್ಟಾಗ ಅವಳು ಇಲ್ಲೇ ವಾಸ. ತಪ್ಪಿಲ್ಲ. ಆಮೇಲೆ ಹೊರದೇಶಕ್ಕೆ ಹೋದರೂ ಇಟ್ಟುಕೊಳ್ಳಬಹುದು. ತಪ್ಪಿಲ್ಲ. ಈಗ ಮಾರಿದರೆ ಲಾಭದ ಮೇಲಿನ ತೆರಿಗೆಯನ್ನು ಪುಣೆಯವರು ಇಲ್ಲೇ ಹಿಡಿದು ಕಟ್ಟಬೇಕು. ಹಾಗೆ ಕಟ್ಟಿದ ಸರ್ಟಿಫಿಕೇಟ್ ತೋರಿಸಿದರೆ ಜರ್ಮನಿಯ ತೆರಿಗೆಯಲ್ಲಿ ಅಷ್ಟು ಕಳೆಯುತ್ತಾರೆ. ಎರಡು ದೇಶಗಳ ನಡುವೆ ಒಪ್ಪಂದ ಇದೆ. ಪ್ಯಾನ್ ಕಾರ್ಡ್ ಬೇಕು, ಎರಡೂ ಹೆಸರು ಒಬ್ಬಳದೇ ಅಂತ ಅಫಿಡವಿಟ್ ಬೇಕು. ಆಗುತ್ತದೆ.

ನಿಜವಾದ ತೊಡಕು ಡಿವಿಡೆಂಡಿನದು, ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲಿನದು. ಇಲ್ಲಿ ಅದರ ತೆರಿಗೆ ಕಂಪನಿಯೇ ಕಟ್ಟಿಬಿಡುತ್ತದೆ, ಷೇರುದಾರರು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅವಳು ಅಲ್ಲಿನ ನಿವಾಸಿ. ಜಗತ್ತಿನ ಯಾವ ಮೂಲೆಯಲ್ಲಿ ಆದಾಯ ಬಂದರೂ ಅಲ್ಲಿ ಹೇಳಬೇಕು. ಕಂಪನಿ ಡಿವಿಡೆಂಡ್ ಕೊಡತೊಡಗಿದ್ದೇ ಅವಳು ಹೋದ ವರ್ಷ; ಅಲ್ಲಿಂದ ಪುಸ್ತಕದಲ್ಲಿ ಪ್ರತಿ ವರ್ಷ ಪ್ರಫುಲ್ಲಾ ಹೆಸರಿಗೆ ಚೆಕ್ ಬರೆದಿದ್ದಾರೆ. ಅವಳು ಒಂದು ವರ್ಷವೂ ಹೇಳಿಲ್ಲ. ಗೊತ್ತಿದ್ದರಲ್ಲವೇ ಹೇಳುವುದು! ಗೊತ್ತಿರಲಿಲ್ಲ ಅಂದರೆ ಯಾವ ಆಫೀಸರ್ ನಂಬುತ್ತಾನೆ? ಅದರ ಮೇಲೆ ಸರ್ಕಾರಿ ನೌಕರಿ.

ಪ್ರೀತಿಯಿಂದ ಕೊಟ್ಟಿದ್ದು ಹೋಗಿ ಹೋಗಿ ಆ ಹೆಣ್ಣುಮಗಳ ಕುತ್ತಿಗೆಗೆ ಬಂತು.

ಜನವರಿ 23, ಶನಿವಾರ, ಮಧ್ಯಾಹ್ನ 3

ಮೋನಿಕಾಗೆ ಫೋನ್ ಮಾಡಿದೆ. ಇಂಗ್ಲಿಷಿನಲ್ಲಿ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಆ ಕಡೆಯಿಂದ ಅಪ್ಪಟ ಗುಲ್ಬರ್ಗಾ ಕನ್ನಡ. ಶಾರದಾಬಾಯಿಯವರದೇ ಎಳೆತ, ಅವರದೇ ದನಿ. ಒಂದು ಕ್ಷಣ ತಾರ್ನಾಕಕ್ಕೆ ಹಚ್ಚಿದೆನೇನೋ ಅಂತ ನಂಬರ್ ನೋಡಿದೆ.

ಎಲ್ಲ ಹೇಳಿದೆ. ಮೊದಲು ನಕ್ಕಳು, ಮಾವನವರು ಹಂಗೇ ಅಂತ. ಡಿವಿಡೆಂಡಿನ ಮಾತು ಬಂದಾಗ ನಗು ನಿಂತಿತು. ಅಲ್ಲಿ ಈಗ ಇದೇ ಸುದ್ದಿಯಂತೆ—ಹೊರದೇಶದಲ್ಲಿ ಆದಾಯ ಮುಚ್ಚಿಟ್ಟವರ ಬೇಟೆ.

“ಇಲ್ಲಿ ಯಾರೂ ನಂಬಂಗಿಲ್ಲ್ರಿ, ಪ್ರೇಮಾಬಾಯಿ. ನನ್ನ ನೌಕರಿ ಹೋಗ್ತದ. ನನಗ ಯಾಕ ಒಂದು ಮಾತು ಹೇಳಲಿಲ್ಲ ಅವರು?”

ನಿಮ್ಮ ಊರಿನಲ್ಲೇ ತೆರಿಗೆ ತಿಳಿದವರನ್ನು ಕೇಳಿ ಅಂದು ಫೋನ್ ಇಟ್ಟೆ. 

ಜನವರಿ 26, ಮಂಗಳವಾರ

ರಜೆ. ಉಪ್ಪಿಟ್ಟಿಗೆ ಉಪ್ಪು ಹಾಕಲು ಮರೆತೆ. ನಮ್ಮವರು ಒಂದು ತುತ್ತು ತಿಂದು ತಟ್ಟೆ ಸರಿಸಿದರು. ಮೂವತ್ತು ವರ್ಷ ಸರ್ಕಾರಿ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್, ಬಿಡುತ್ತಾರೆಯೇ! ಜರ್ಮನಿ ಮಂದಿ ಆರಾಮ ಮಲಗ್ಯಾರ, ನಿದ್ದಿಗೆಟ್ಟಾಕಿ ನೀ ಒಬ್ಬಾಕಿ ಅಂತ ಚೇಷ್ಟೆ ಬೇರೆ.

ಫೆಬ್ರವರಿ 3, ಬುಧವಾರ

ಮೋನಿಕಾ ಫೋನ್. ಹೊರದೇಶದಲ್ಲಿ ದುಡ್ಡು ಮುಚ್ಚಿಟ್ಟವರ ಬ್ಯಾಂಕ್ ಖಾತೆಗಳ ವಿವರ ಇರುವ ಸಿ.ಡಿ.ಯನ್ನು ಅಲ್ಲಿನ ಸರ್ಕಾರ ದುಡ್ಡು ಕೊಟ್ಟು ಕೊಳ್ಳುತ್ತದಂತೆ, ಪೇಪರ್ ತುಂಬ ಅದೇ. ಇವಳಿಗೂ ಅದಕ್ಕೂ ಏನು ಸಂಬಂಧ? ಆದರೂ ಸ್ಟಾಫ್ ರೂಮಿನಲ್ಲಿ ಆ ಮಾತು ಎದ್ದರೆ ಎದ್ದು ಹೊರಗೆ ಹೋಗುತ್ತಾಳಂತೆ. ಅತ್ತೆಗೆ ಫೋನ್ ಮಾಡುವುದನ್ನೂ ಬಿಟ್ಟಿದ್ದಾಳೆ. ಏನಾದರೂ ಕೆಟ್ಟ ಮಾತು ಬಾಯಿಂದ ಬಂದೀತು ಅಂತ ಹೆದರಿಕೆ.

ಅಲ್ಲಿಯ ಒಬ್ಬ ತೆರಿಗೆ ಸಲಹೆಗಾರನನ್ನು ಹಿಡಿದಿದ್ದಾಳೆ. ಅವನು ಕೇಳಿದ್ದು ಒಂದೇ—ಪ್ರತಿ ವರ್ಷ ಆ ದುಡ್ಡು ಯಾವ ಖಾತೆಗೆ ಹೋಗಿದೆ, ಯಾರು ತೆಗೆದಿದ್ದಾರೆ?

ಇದು ಶಾರದಾಬಾಯಿಯನ್ನೇ ಕೇಳಬೇಕು. ಹೇಗೆ ಕೇಳಲಿ? ಮಗ ಇಲ್ಲದ ಮನೆ, ವಯಸ್ಸಾದವರು. ಸೊಸೆಯ ದುಡ್ಡು ಖರ್ಚಾಗಿದ್ದರೂ ನಾನೇನೂ ತಪ್ಪು ತಿಳಿಯುವುದಿಲ್ಲ. ಜರ್ಮನಿ ತಿಳಿಯುತ್ತದಲ್ಲ...

ಫೆಬ್ರವರಿ 12, ಶುಕ್ರವಾರ. ಶಿವರಾತ್ರಿ

ಉಪವಾಸ. ತಲೆನೋವು. ಇವತ್ತು ಕೇಳುವುದಿಲ್ಲ. ಹಬ್ಬದ ದಿನ ಯಾರ ಮನಸ್ಸನ್ನೂ ನೋಯಿಸಬಾರದು—ಇದು ನೆಪ ಅಂತ ನನಗೂ ಗೊತ್ತು.

ಫೆಬ್ರವರಿ 13, ಶನಿವಾರ

ಕೇಳಿದೆ! ದೇವರೇ, ಕೇಳಿದೆ!

ಹೋದೆ, ಕೂತೆ, ಅವಲಕ್ಕಿ ತಿಂದೆ. ಹವೆಯ ಮಾತು, ಮಂಡಿನೋವಿನ ಮಾತು. ಕಡೆಗೆ ಕಣ್ಣು ಮುಚ್ಚಿ ಬಾಣಲೆಗೆ ಕೈ ಹಾಕಿದವಳ ಹಾಗೆ ಕೇಳಿಬಿಟ್ಟೆ. ಪ್ರಫುಲ್ಲಾ ಹೆಸರಿನ ಚೆಕ್ಕುಗಳು ಯಾವ ಬ್ಯಾಂಕಿಗೆ ಹೋದವು?

ಶಾರದಾಬಾಯಿಯವರ ಮುಖ ಕೆಂಪಗಾಯಿತು. ರಾಯರು ಪೇಪರ್ ಕೆಳಗಿಟ್ಟರು.

“ಸೊಸೀ ರೊಕ್ಕ ಮುಟ್ಟೋ ಮಂದಿ ಅಂತ ತಿಳಕೊಂಡೀರೇನ್ರಿ ನಮ್ಮನ್ನ?”

ಅಂದವರೇ ಶಾರದಾಬಾಯಿ ಎದ್ದು ದೇವರ ಕೋಣೆಗೆ ಹೋದರು. ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದೆ ಠಣ್ಣನೆ ಇಟ್ಟರು. ಒಳಗೆ ಎಲ್ಲಾ ವರ್ಷದ ಚೆಕ್ಕುಗಳು. ಒಂದೊಂದರ ಮೇಲೂ ಅರಿಶಿನ, ಕುಂಕುಮ. ವರ್ಷವರ್ಷ ಲಕ್ಷ್ಮೀಪೂಜೆಗೆ ಇಟ್ಟು, ಪೂಜೆ ಮುಗಿದ ಮೇಲೆ ಡಬ್ಬಿಗೆ ಹಾಕಿದ್ದಾರೆ. ಮನೆಯ ಲಕ್ಷ್ಮಿಯ ಪಾಲು, ಅವಳು ಬಂದಾಗ ಅವಳ ಕೈಗೇ ಕೊಡಬೇಕು ಅಂತ. ಚೆಕ್ಕು ಆರು ತಿಂಗಳಿಗೆ ಸಾಯುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದ ರಾಯರಿಗೆ ಡಬ್ಬಿಯ ವಿಷಯವೇ ಗೊತ್ತಿಲ್ಲ. ಹಳೇ ಆಡಿಟರಿಗೆ ಕಣ್ಣು ಕಾಣುತ್ತಿರಲಿಲ್ಲ!

ಅಂದರೆ ದುಡ್ಡು ಕಂಪನಿಯ ಖಾತೆ ಬಿಟ್ಟು ಹೊರಗೇ ಬಂದಿಲ್ಲ. ಅವಳ ಕೈಗೂ ಬಂದಿಲ್ಲ, ಇವರ ಕೈಗೂ ಬಂದಿಲ್ಲ.

ನಗು ಬಂತು. ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಶಾರದಾಬಾಯಿಗೆ ಇನ್ನೂ ಸಿಟ್ಟು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದ ಮೇಲೆ ಇನ್ನೊಂದು ತಟ್ಟೆ ಅವಲಕ್ಕಿ ಕೊಟ್ಟರು.

ಫೆಬ್ರವರಿ 15, ಸೋಮವಾರ

ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ ತಾಳೆ ನೋಡಿದೆ. ಒಂದು ಚೆಕ್ಕೂ ಪಾಸಾಗಿಲ್ಲ. ಏಳು ವರ್ಷ ಯಾರೂ ಪಡೆಯದ ಹಳೆಯ ಡಿವಿಡೆಂಡು ಸರ್ಕಾರದ ಫಂಡಿಗೆ ಹೋಗಬೇಕಿತ್ತು. ಅದು ಕಂಪನಿಯ ತಲೆನೋವು, ಅವಳದ್ದಲ್ಲ.

ಮೋನಿಕಾಗೆ ಹೇಳಿದೆ. ಅವಳ ಸಲಹೆಗಾರನ ಪ್ರಕಾರ ಅಲ್ಲಿ ಇಂಥ ಆದಾಯಕ್ಕೆ ಲೆಕ್ಕ ಹಿಡಿಯುವುದು ದುಡ್ಡು ಕೈಸೇರಿದ ವರ್ಷ. ಕೈಸೇರದಿದ್ದರೆ ಮುಚ್ಚಿಟ್ಟದ್ದು ಹೇಗಾಗುತ್ತದೆ? ಆದರೆ ಅವನು ಹೇಳಿದರೆ ಆಗಲಿಲ್ಲ, ತೆರಿಗೆ ಆಫೀಸು ಒಪ್ಪಬೇಕು. ಚೆಕ್ಕುಗಳ ಬಣ್ಣದ ಫೋಟೋ, ಬ್ಯಾಂಕಿನ ಪತ್ರ, ಮದುವೆಯ ಪದ್ಧತಿಯ ಬಗ್ಗೆ ಒಂದು ಪುಟ—ಎಲ್ಲ ಕಳಿಸಿದೆ. ಅರಿಶಿನ ಕುಂಕುಮಕ್ಕೆ ಜರ್ಮನ್ ಭಾಷೆಯಲ್ಲಿ ಏನನ್ನುತ್ತಾರೋ, ಅವಳೇ ನೋಡಿಕೊಳ್ಳಲಿ.

ಹೆದರಿಕೆ ಹೋಗಿಲ್ಲ. ಆದರೆ ಇವತ್ತು ಉಪ್ಪು ಸರಿಯಾಗಿ ಬಿತ್ತು.

ಮಾರ್ಚ್ 9, ಮಂಗಳವಾರ, ಸಂಜೆ 5

ಬಂತು!

ತೆರಿಗೆ ಆಫೀಸಿನ ಉತ್ತರ. ಹಿಂದಿನ ವರ್ಷಗಳಿಗೆ ಏನೂ ಇಲ್ಲ. ದಂಡ ಇಲ್ಲ, ಕೇಸಿಲ್ಲ, ಶಾಲೆಗೆ ಒಂದು ಸಾಲೂ ಹೋಗುವುದಿಲ್ಲ. ಈಗ ದುಡ್ಡು ಬಂದ ಮೇಲೆ ಈ ವರ್ಷದ ಆದಾಯದಲ್ಲಿ ತೋರಿಸಬೇಕು, ಅಷ್ಟೇ. ಅಧಿಕಾರಿಣಿ ಕೆಂಪು ಪುಡಿಯ ಬಗ್ಗೆ ಎರಡು ಸಲ ಕೇಳಿದಳಂತೆ.

ಮೋನಿಕಾ ಫೋನಿನಲ್ಲಿ ಅತ್ತಳು. ಈಚೆ ನಾನೂ. ಕೋಠಿಯ ಹಾರ್ನುಗಳಲ್ಲಿ ಒಬ್ಬರದು ಒಬ್ಬರಿಗೆ ಕೇಳಿಸಲಿಲ್ಲ ಅಂತ ಅಂದುಕೊಂಡಿದ್ದೇನೆ. ಎಷ್ಟು ಹಗುರ! ಆಫೀಸಿನ ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ.

ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ಒಂದು ಕಾಲಂ ಉಳಿದಿತ್ತು. ಬೇರೆ ಹೆಸರಿನಿಂದ ಕರೆದದ್ದುಂಟೇ? ಏನು ಬರೆಯಲಿ ಅಂತ ಫೋನ್ ಇಡುವ ಮುನ್ನ ಅವಳನ್ನೇ ಕೇಳಿದ್ದೆ. 

“ಹೂಂ ಅಂತ ಬರೀರಿ. ಈಗೂ ಕರೀತಾರ ಅಂತ ಬರೀರಿ.”

ಅಷ್ಟು ಜಾಗ ಕಾಲಂನಲ್ಲಿ ಇಲ್ಲ. ಹೂಂ ಅಂತ ಟಿಕ್ ಮಾಡಿದೆ.

ಮಾರ್ಚ್ 27, ಶನಿವಾರ

ಪೋಸ್ಟಿನಲ್ಲಿ ಸಹಿ ಕಳಿಸಬಹುದಿತ್ತು. ಈಸ್ಟರ್ ರಜೆ ಅಂತ ಅವಳೇ ಬಂದಳು. ಕೂದಲು ನೆರೆತಿದೆ, ಕಾಟನ್ ಸೀರೆ ಉಟ್ಟಿದ್ದಳು. ನೆರಿಗೆ ನನ್ನದಕ್ಕಿಂತ ನೀಟು.

ತಾರ್ನಾಕದ ಮನೆಯ ಊಟದ ಟೇಬಲ್ ಮೇಲೆ ಸಹಿ. ಪುಣೆಯ ವಕೀಲ ಪಾಸ್‌ಪೋರ್ಟ್ ನೋಡಿದ, ಅಫಿಡವಿಟ್ ನೋಡಿದ, ಗೋಡೆಯ ಫೋಟೋ ನೋಡಿದ, ಅವಳನ್ನು ನೋಡಿದ. ತೆರಿಗೆ ಹಿಡಿದ ಲೆಕ್ಕ ಒಪ್ಪಿ, ಕಾಗದ ಎತ್ತಿಕೊಂಡು ಹೋದ. ಮುಗಿಯಿತು. ನಿಜಕ್ಕೂ ಮುಗಿಯಿತು.

ಶಾರದಾಬಾಯಿ ಬೆಳಗಿನಿಂದ ಸೊಸೆಯ ಮುಖ ನೋಡಿ ಮಾತಾಡಿರಲಿಲ್ಲ. ಆಗ ಮೆಲ್ಲಗೆ ಹೇಳಿದರು, “ನಿನಗ ಭಾಳ ತ್ರಾಸ ಕೊಟ್ಟೆವವ್ವಾ. ನಾವು ಛಲೋದಽ ಮಾಡಾಕ ಹೋಗಿದ್ವಿ.”

ಮೋನಿಕಾ ಅವರ ಎರಡೂ ಕೈ ಹಿಡಿದುಕೊಂಡಳು. ಹೆದರಿದ್ದು ಖರೆ ಅಂದಳು. ಸಿಟ್ಟು ಬಂದದ್ದೂ ಖರೆ. ಆದರೆ ಆ ಡಬ್ಬಿಯ ಫೋಟೋ ನೋಡಿದ ದಿನ, ಇಷ್ಟು ವರ್ಷ ಈ ಮನೆಯಲ್ಲಿ ತನ್ನ ಪಾಲಿಗೆ ಪೂಜೆ ಆಗಿದೆ ಅಂತ ತಿಳಿದು, ಕ್ಲಾಸಿನಲ್ಲಿ ಮಕ್ಕಳ ಎದುರೇ ಅತ್ತಳಂತೆ. ರಾಯರು ಕನ್ನಡಕ ತೆಗೆದು ಒರೆಸಿದರು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬಂದೆ.

“ಅತ್ತಿ, ಒಂದಽ ಮಾತು” ಅಂದಳು ಮೋನಿಕಾ. “ಇನ್ನ ಮ್ಯಾಲ ನನ್ನ ಹೆಸರಿಗೆ ಏನರೆ ಮಾಡಿದ್ರ, ಮೊದಲ ನನಗ ಹೇಳ್ರಿ.”

ಶಾರದಾಬಾಯಿ ತಲೆಯಾಡಿಸಲಿಲ್ಲ. ಗಂಡನ ಮುಖ ನೋಡಿದರು. ರಾಯರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದರು.

 ಏನು ರಾಯರೇ ಅಂದೆ.

“ಏನಿಲ್ಲ್ರಿ” ಅಂದರು ರಾಯರು. “ಜಹೀರಾಬಾದ್ ಹತ್ರ ಒಂದು ಸಣ್ಣ ಹೊಲ.”

ಮೋನಿಕಾ ಕುರ್ಚಿಗೆ ಕುಸಿದು ಕೂತಳು. ಅಳುತ್ತಾಳೆ ಅಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳನ್ನು ನೋಡಿ ಶಾರದಾಬಾಯಿಯೂ ಸೆರಗು ಬಾಯಿಗಿಟ್ಟರು. ಹೊಲವಂತೆ! ಹೊರದೇಶದವರ ಹೆಸರಿಗೆ ಹೊಲ, ಕಾನೂನೇ ಬಿಡುವುದಿಲ್ಲ! ಬ್ಯಾಗಿನಿಂದ ಪೆನ್ನು ತೆಗೆದೆ. ಯಾವ ವರ್ಷ, ಯಾವ ಹೆಸರಿಗೆ ಅಂತ ಕೇಳಿದೆ. ಶಾರದಾಬಾಯಿ ನಗು ತಡೆದುಕೊಂಡು, ಅದಕ್ಕೇನು ಹೆದರಬ್ಯಾಡ್ರಿ, ಅದು ಒಂದಽ ಅಲ್ಲ, ಇನ್ನೂ ಅವ ಅಂದರು.