ಒಂಬತ್ತು ದಂಟು ಸುಗಂಧರಾಜ

ಚಿಕ್ಕಮುನಿಯಮ್ಮಜ್ಜಿಗೆ,

ನಿಮ್ಮ ತಾರಸಿ ಪಕ್ಕದ ರೂಮಿನ ಪ್ರಿಯಾಂಕಾ ಬರೆಯುವುದು.

ಎದುರಿಗೆ ನಿಂತು ಹೇಳಬೇಕೆಂದು ಮೂರು ಸಲ ಮೆಟ್ಟಿಲಿಳಿದು ಬಂದೆ. ಒಂದು ಸಲ “ನೀರು ಬಂತಾ ಅಜ್ಜಿ?” ಎಂದು ಕೇಳಿ ವಾಪಸ್ಸು ಹೋದೆ. ಉಳಿದ ಎರಡು ಸಲ ಅದನ್ನೂ ಕೇಳಲಿಲ್ಲ. ನನಗೆ ಬಾಯಿ ಕಡಿಮೆ ಎಂದು ನಿಮಗೆ ಗೊತ್ತೇ ಇದೆ. ಬರೆಯುವುದಾದರೂ ಐದನೇ ಕ್ಲಾಸಿನವರೆಗೆ ಕಲಿತ ಅಕ್ಷರ. ನಿಮಗೆ ಓದಲು ಬರುವುದಿಲ್ಲ, ನಿಮ್ಮ ಸೊಸೆ ಮಾಲಕ್ಕನೇ ಇದನ್ನು ಓದಿ ಹೇಳಬೇಕು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅಜ್ಜಿ, ತಾರಸಿಯ ಸುಗಂಧರಾಜದ ದಂಟುಗಳನ್ನು ಕತ್ತರಿಸಿದ್ದು ನೀವಲ್ಲ. ನಾನು.

ಆವತ್ತು ನಮ್ಮ ಫ್ಯಾಕ್ಟರಿಗೆ ಹೊರದೇಶದ ಗಿರಾಕಿಗಳು ಬರುವವರಿದ್ದರು. ರಿಸೆಪ್ಷನ್ ಮೇಜಿನ ಗಾಜಿನ ಹೂದಾನಿ ತುಂಬಿಸುವ ಕೆಲಸ ನನ್ನದು. ಹೂವು ತಂದುಕೊಡುವ ಶ್ಯಾಮಣ್ಣ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ, “ಇವತ್ತು ಆಗಲ್ಲಮ್ಮ, ಗಾಡಿ ಕೆಟ್ಟೋಗಿದೆ” ಎಂದುಬಿಟ್ಟರು. ಹಿಂದಿನ ವಾರ ಹೂದಾನಿ ಖಾಲಿಯಿದ್ದುದಕ್ಕೆ ಆಫೀಸಿನ ಕಾವ್ಯಾ ಮೇಡಂ ಎಲ್ಲರೆದುರು ಹೇಳಿದ್ದ ಮಾತು ಇನ್ನೂ ಕಿವಿಯಲ್ಲಿತ್ತು. ರೂಮಿನ ಬಾಗಿಲು ತೆಗೆದರೆ ಎದುರಿಗೇ ನಿಮ್ಮ ಪೇಂಟ್ ಡಬ್ಬಗಳು, ಅವುಗಳಲ್ಲಿ ಎದ್ದು ನಿಂತ ದಂಟುಗಳು. ನೀವು ಸ್ನಾನಕ್ಕೆ ಹೋಗಿದ್ದಿರಿ.

ಎರಡು ಸಾಕು ಎಂದುಕೊಂಡೇ ಕತ್ತರಿ ಹಿಡಿದೆ. ಕೈಯಲ್ಲಿ ಹಿಡಿದು ನೋಡಿದರೆ ಎರಡು ಬಡವಾಗಿ ಕಂಡವು. ನಾಲ್ಕಾದವು. ಆಮೇಲೆ ಒಂಬತ್ತೂ ಕತ್ತರಿಸಿದೆ.

ಸುಗಂಧರಾಜದ ದಂಟನ್ನು ಕತ್ತರಿಸಬಾರದು ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ನೀವೇ ತೋರಿಸಿದ್ದಿರಿ. ಕೆಳಗಿನ ಮೊಗ್ಗು ಮೊದಲು ಬಲಿಯುತ್ತದೆ, ದಿನಕ್ಕೆ ಎರಡೋ ಮೂರೋ ಬಿಡಿಸಿಕೊಂಡರೆ ಒಂದು ದಂಟು ಎಷ್ಟೋ ದಿನ ಕೊಡುತ್ತದೆ. “ಅವಸರ ಮಾಡಬಾರ್ದು ಕಣವ್ವ. ಅದು ಕೊಟ್ಟಂಗೆ ನಾವು ಇಸ್ಕೋಬೇಕು” ಅಂದಿದ್ದಿರಿ. ನಿಮ್ಮ ಹೂವಿನ ಹೊಲ ಹೋಗಿ ಫ್ಯಾಕ್ಟರಿ ಶೆಡ್ಡುಗಳು ಏಳುವ ಮುಂಚೆ ನಿಮ್ಮ ಯಜಮಾನರು, ಲಕ್ಷ್ಮಯ್ಯ ತಾತ, ಒಂದು ಚೀಲ ಗೆಡ್ಡೆ ಕಿತ್ತು ತಂದಿದ್ದರಂತೆ. ಅವೇ ಗೆಡ್ಡೆಗಳ ಮರಿಗಳು ಇವು. ದಿನವೂ ಬಿಡಿಸಿದ ಮೊಗ್ಗು ತಾತನ ಫೋಟೋಗೆ. ಉಳಿದವನ್ನು ಕಟ್ಟಿದ ಒಂದು ಗೇಣು ನನಗೆ. “ಏನವ್ವಾ, ಬರೀ ತಲೇಲಿ ಓಯ್ತೀಯಾ? ಬಾ ಇಲ್ಲಿ” ಎಂದು ಕೂಗಿ ಕರೆದು ಮುಡಿಸುತ್ತಿದ್ದಿರಿ. ಈ ಊರಿನಲ್ಲಿ ನನ್ನ ತಲೆ ಮುಟ್ಟಿದ ಕೈ ಅದೊಂದೇ.

ಹೂದಾನಿಯಲ್ಲಿ ಅವು ಚೆನ್ನಾಗಿ ಕಂಡವು. ಅದನ್ನೂ ಹೇಳಿಬಿಡುತ್ತೇನೆ. ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಉದ್ದದವನ್ನು ನಡುವೆ, ಗಿಡ್ಡವನ್ನು ಸುತ್ತ ನಿಲ್ಲಿಸಿದೆ. ಕಾವ್ಯಾ ಮೇಡಂ, “ಸಕ್ಕತ್ತಾಗಿದೆ ಕಣೇ, ಎಲ್ಲಿಂದ ತಂದೆ?” ಎಂದರು. “ಅಂಗಡಿಯಿಂದ ಮೇಡಂ” ಎಂದೆ. ಅದು ಮೊದಲನೆಯ ಸುಳ್ಳು. ಸಂಜೆ ನಿಮಗೆ ಹೇಳಿಬಿಡೋಣ, ಬೈದರೆ ಬೈಸಿಕೊಳ್ಳೋಣ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ.

ಬಂದಾಗ ನೀವೆಲ್ಲ ಮೆಟ್ಟಿಲ ಬಳಿಯೇ ಇದ್ದಿರಿ. ಮಾಲಕ್ಕ, “ನೀವೇ ಕುಯ್ದಿರ್ತೀರ ಅತ್ತೆ. ಮೊನ್ನೆ ಗ್ಯಾಸ್ ಆಫ್ ಮಾಡೋದು ಮರ್ತಿರ್ಲಿಲ್ವಾ? ಹಂಗೇ ಇದೂ” ಎನ್ನುತ್ತಿದ್ದರು. “ನಾನ್ಯಾಕೆ ದಂಟು ಕುಯ್ಲಿ? ಅರವತ್ತು ವರ್ಸ ಮೊಗ್ಗು ಬಿಡಿಸಿರೋ ಕೈ ಇದು!” ಎಂದು ನೀವು ಕೈ ಚಾಚಿ ತೋರಿಸಿದಿರಿ. ನಿಮ್ಮ ಮಗ ದೇವರಾಜಣ್ಣ, “ಬಿಡಮ್ಮ, ವಯಸ್ಸಾದ್ಮೇಲೆ ಆಗುತ್ತೆ” ಎಂದರು. ಆಗ ನೀವು ನನ್ನ ಕಡೆ ತಿರುಗಿ, “ನೀನೇನಾರಾ ಕಂಡ್ಯವ್ವಾ?” ಎಂದು ಕೇಳಿದಿರಿ.

“ಇಲ್ಲ ಅಜ್ಜಿ” ಎಂದೆ.

ನೀವು ಹತ್ತಿರ ಬಂದು ಮೂಗು ಅರಳಿಸಿದಿರಿ. “ನಿನ್ ಮೈಯಾಗೆ ಸುಗಂಧರಾಜದ ವಾಸ್ನೆ ಬತ್ತದಲ್ಲ!” ಎಂದಿರಿ. ಮಾಲಕ್ಕ ನಕ್ಕರು. “ಇನ್ನು ಊರಲ್ಲಿರೋರ ಮೈಯೆಲ್ಲ ಅದೇ ವಾಸ್ನೆ ಬರುತ್ತೆ ಇವ್ರಿಗೆ” ಎಂದರು. ನಾನೂ ಸ್ವಲ್ಪ ನಕ್ಕೆ, ಅಜ್ಜಿ. ಆ ನಗುವಿಗೆ ಯಾವ ನೀರು ಹಾಕಿ ತೊಳೆಯಲಿ? ನಿಮ್ಮ ಮೂಗು ಸರಿಯಾಗಿಯೇ ಹೇಳಿತ್ತು. ಇಡೀ ದಿನ ಅದೇ ಹೂವಿನ ಕೆಲಸ ಮಾಡಿದ ನನ್ನ ಅಂಗೈ, ದುಪಟ್ಟಾ ಎಲ್ಲ ಅದೇ ವಾಸನೆ.

ಆಮೇಲೆ ಎಂಟು ದಿನ ಆ ಹೂದಾನಿಯ ನೀರು ಬದಲಿಸಿದೆ. ತಾಜಾ ಇರಲೆಂದು ದಿನವೂ ತುದಿಯನ್ನು ಒಂದಿಷ್ಟು ಕತ್ತರಿಸಬೇಕು. ದಂಟು ಗಿಡ್ಡವಾಗುತ್ತಾ ಹೋಯಿತು, ಮೇಲೆ ಮೊಗ್ಗು ಅರಳುತ್ತಾ ಹೋಯಿತು. ಒಂದೊಂದು ಅರಳಿದಾಗಲೂ ಇದು ತಾತನ ಫೋಟೋದ್ದು, ಇದು ನನ್ನ ತಲೆಯದ್ದು ಎಂದು ಮನಸ್ಸು ಹೇಳುತ್ತಿತ್ತು. ಇಲ್ಲಿ ಮನೆಯಲ್ಲಿ ನಿಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಬಂತು. ಒಬ್ಬರೇ ಮೇಲೆ ಹೋಗಿ ಎಲ್ಲಾದರೂ ಬಿದ್ದೀರೆಂದು ನನ್ನ ರೂಮಿಗೂ ತಾರಸಿಗೂ ನಡುವಿನ ಗ್ರಿಲ್ ಬಾಗಿಲಿಗೆ ಬೀಗ ಬಂತು. ನೀವು ಜಗಳ ಆಡುತ್ತೀರಿ ಎಂದು ಕಾದೆ. ಆಡಲಿಲ್ಲ. ಬೀಗದ ಕೈಯನ್ನು ನೀವೇ ಮಾಲಕ್ಕನ ಕೈಗೆ ಕೊಟ್ಟಿರಿ.

ಈಗ ನೀವು ಬಾಗಿಲು ಹಾಕಿ ಬಂದು, “ಆಕಿದ್ನಾ?” ಎಂದು ಕೇಳುತ್ತೀರಿ. ಊಟ ಮಾಡಿ ಕೈ ಒಣಗುವ ಮೊದಲೇ “ಉಂಡ್ನಾ?” ಎನ್ನುತ್ತೀರಿ. ಮೊನ್ನೆ ಭಾನುವಾರ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ಮೆಲ್ಲಗೆ, “ನಿನ್ ಎಸ್ರು ಪ್ರಿಯಾಂಕಾನೇ ಅಲ್ವೇನವ್ವಾ? ಸರಿಯಾಗಿ ಏಳಿದ್ನಾ?” ಎಂದಿರಿ. ಸರಿಯಾಗಿಯೇ ಹೇಳಿದ್ದಿರಿ. ಹೆಸರು ಮರೆತಿರಲಿಲ್ಲ, ಅದನ್ನು ನಂಬುವ ಧೈರ್ಯ ಹೋಗಿತ್ತು. ಹೂವಾದರೆ ಇನ್ನೊಂದು ಬಿಡುತ್ತದೆ. ನಾನು ಕತ್ತರಿಸಿದ್ದು ಹೂವೊಂದನ್ನೇ ಅಲ್ಲ ಎಂದು ಆವತ್ತು ತಿಳಿಯಿತು. ಆ ರಾತ್ರಿಯೇ ನೋಟ್‌ಬುಕ್ಕಿನ ಹಾಳೆ ಹರಿದೆ.

ಗ್ಯಾಸ್ ಒಂದು ಸಲ ಮರೆತಿರಬಹುದು. ನಾನೂ ಮರೆತಿದ್ದೇನೆ. ಆದರೆ ಹೂವಿನ ವಿಷಯದಲ್ಲಿ ನೀವು ಏನನ್ನೂ ಮರೆತಿಲ್ಲ.

ಮಾಲಕ್ಕಾ, ಈ ಸಾಲು ನಿಮಗೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಿಮ್ಮ ತಪ್ಪು ಏನೂ ಇಲ್ಲ, ನಾನು ಬಾಯಿಬಿಟ್ಟಿದ್ದರೆ ನೀವು ಹಾಗೆ ಹೇಳುತ್ತಲೇ ಇರಲಿಲ್ಲ. ‘ಕತ್ತರಿಸಿದ್ದು ನೀವಲ್ಲ’ ಎನ್ನುವುದನ್ನು ಇನ್ನೊಂದು ಸಲ ಗಟ್ಟಿಯಾಗಿ ಓದಿ, ದೇವರಾಜಣ್ಣನಿಗೂ ಕೇಳಿಸಲಿ.

ಅಜ್ಜಿ, ನಾನು ಗ್ರಿಲ್ ಸಂದಿಯಿಂದ ಚೊಂಬಿನಲ್ಲಿ ನೀರು ಎರಚುತ್ತಿದ್ದೇನೆ. ಬಾಗಿಲ ಹತ್ತಿರದ ಎರಡು ಡಬ್ಬಕ್ಕೆ ಮಾತ್ರ ತಲುಪುತ್ತದೆ, ಉಳಿದವು ಒಣಗುತ್ತಿವೆ. ತಲುಪುವ ಒಂದರಲ್ಲಿ ಹೊಸ ದಂಟು ಎದ್ದಿದೆ. ಕೆಳಗಿನ ಎರಡು ಮೊಗ್ಗು ಬೆಳ್ಳಗೆ ಬಲಿತಿವೆ. ನಾಳೆ ಬೆಳಿಗ್ಗೆ ಬಿಡಿಸಬಹುದು ಎಂದು ನನಗೆ ಅನಿಸುತ್ತದೆ, ಆದರೆ ಅದನ್ನು ಹೇಳಬೇಕಾದವರು ನೀವು. ಬೀಗದ ಕೈ ಕೇಳಿ ಇಸ್ಕೊಳ್ಳಿ. ಎರಡೂ ತಾತನಿಗೇ ಇಡಿ, ನನಗೆ ಬೇಡ.

ಇದನ್ನು ಓದುವಾಗ ನಾನು ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬೈಯಲು ಕರೆದರೂ ಇಳಿದು ಬರುತ್ತೇನೆ. ರೂಮು ಬಿಡು ಎಂದರೆ ಬಿಡುತ್ತೇನೆ. ನಿಮ್ಮ ಕೈ, ನಿಮ್ಮ ಮೂಗು, ನಿಮ್ಮ ನೆನಪು ನೂರು ಕಾಲ ಗಟ್ಟಿಯಾಗಿರಲಿ.

ನಿಮ್ಮ ಕಾಲಿಗೆ ಬಿದ್ದು,
ನೀವು ಸರಿಯಾಗಿ ಹೆಸರು ಹಿಡಿದು ಕರೆದ
ಪ್ರಿಯಾಂಕಾ
ಬಾಗಲಗುಂಟೆ