ಮೂಗು ಕಟ್ಟಿದ ಗಾಡಿ

ಇಳಕಲ್ಲ,
ಮಂಗಳವಾರ, 10-2-2004

ಪ್ರೀತಿಯ ಜಯಶ್ರೀ,

ಮೊದಲು ನಿನ್ನ ಕಾಲಿನ ಬಾವು ಹೇಗಿದೆ, ಅದನ್ನು ತಿಳಿಸು. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಳ್ಳುತ್ತೀಯೋ ಇಲ್ಲವೋ? ಡಾಕ್ಟರಮ್ಮ ಬರೆದುಕೊಟ್ಟ ಕೆಂಪು ಗುಳಿಗೆ ಮುಗಿಯುತ್ತ ಬಂದಿದ್ದರೆ ಬಾದಾಮಿಗೆ ಹೋಗುವವರ ಕೈಯಲ್ಲಿ ತರಿಸಿಕೋ, ಪೂರ್ತಿ ತೀರುವ ತನಕ ಕಾಯಬೇಡ. ಕೂಸು ಒದೆಯುತ್ತದೆಯೇ? ದಿನಕ್ಕೆ ಎಷ್ಟು ಸಲ ಒದೆಯಿತು ಎಂದು ಎಣಿಸು ಅಂದಿದ್ದಕ್ಕೆ ನೀನು ನಕ್ಕಿದ್ದೆ. ನಗು, ಆದರೆ ಎಣಿಸು. ನಿಮ್ಮವ್ವ, ನಮ್ಮ ಅತ್ತೆಯವರ ಮೊಣಕಾಲು ಈಗ ಹೇಗಿದೆ? ಈ ಚಳಿಯಲ್ಲಿ ನಸುಕಿನಲ್ಲೆದ್ದು ನಿನಗೆ ನೀರು ಕಾಯಿಸುತ್ತಾರೆ ಎಂದು ಕೇಳಿ ನನಗೆ ಒಂದು ಕಡೆ ಸಮಾಧಾನ, ಒಂದು ಕಡೆ ಸಂಕೋಚ. ಇಲ್ಲಿ ಅವ್ವ ಆರಾಮ ಇದ್ದಾಳೆ. ಬಾಣಂತಿಗೆ ಉಂಡಿ ಕಟ್ಟಲೆಂದು ಈಗಲೇ ಅಂಟು, ಒಣಕೊಬ್ಬರಿ, ಉತ್ತತ್ತಿ ಎಲ್ಲ ಕೂಡಿಸಿ ಡಬ್ಬಿ ತುಂಬಿ ಗೋಡೆಯ ಮಾಡದಲ್ಲಿ ಇಟ್ಟಿದ್ದಾಳೆ. ಇಷ್ಟು ಮುಂಚೆ ಯಾಕವ್ವ ಎಂದರೆ, ಈ ಮನೆಯಲ್ಲಿ ಚಿಂತೆ ಮಾಡುವುದು ನಿನಗೊಬ್ಬನಿಗೇ ಬರುತ್ತದೆಯೇನು ಎಂದು ನನ್ನ ಬಾಯಿ ಮುಚ್ಚಿಸಿದಳು.

ಜಯಶ್ರೀ, ಹೋದ ವಾರ ನಿಮ್ಮೂರ ಅಂಗಡಿಯ ಫೋನಿಗೆ ಮಾಡಿದಾಗ ಗಾಡಿ ಹೇಗಿದೆ ಎಂದು ನೀನು ಕೇಳಿದೆ. ಭೇಷ್ ಇದೆ ಎಂದೆ. ಅದು ಸುಳ್ಳು. ನಿನ್ನ ಹಿಂದೆ ನಾಲ್ಕು ಜನ ನಿಂತು ಕೇಳುತ್ತಿದ್ದರು, ಅದಕ್ಕೆ ಹೇಳಲಿಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ, ಆದರೆ ಖರೆ ಅಂದರೆ ಅಂಜಿಕೆ. ಈಗ ಗಾಡಿ ನಿಜವಾಗಿಯೂ ಚೆನ್ನಾಗಿದೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಅರ್ಧ ಓದುವಷ್ಟರಲ್ಲಿ ಗಾಬರಿಯಾಗಿ ಎದ್ದು ಕೂಡುತ್ತೀ. ಗಾಡಿ ಚೆನ್ನಾಗಿದೆ. ಇನ್ನು ಮುಂದೆ ಓದು. ನಾನು ಆರನೆಯ ಇಯತ್ತೆಗೆ ಸಾಲಿ ಬಿಟ್ಟವನು, ಹಿಂದಿನದು ಮುಂದೆ, ಮುಂದಿನದು ಹಿಂದೆ ಆದರೆ ಹೊಂದಿಸಿಕೋ.

ಸಂಕ್ರಾಂತಿ ಮುಗಿಸಿ ನಿನ್ನನ್ನು ಪಟ್ಟದಕಲ್ಲಿಗೆ ಬಿಟ್ಟು, ಬಾದಾಮಿಯಲ್ಲಿ ಡೀಸೆಲ್ ಟಾಕಿ ಭರ್ತಿ ಮಾಡಿಸಿಕೊಂಡು ಮರಳಿದೆನಲ್ಲ, ಆವತ್ತೇ ಶುರುವಾಯಿತು. ಐಹೊಳೆ ದಾಟಿ ಸ್ವಲ್ಪ ಏರು ಬಂತು. ಕಾಲು ಪೂರ್ತಿ ಒತ್ತಿದರೂ ಗಾಡಿ ಮೇಲೇಳಲಿಲ್ಲ. ಅರವತ್ತರಲ್ಲಿ ಓಡುತ್ತಿದ್ದದ್ದು ನಲವತ್ತಕ್ಕೆ ಇಳಿಯಿತು, ಆಮೇಲೆ ಇಪ್ಪತ್ತಕ್ಕೆ. ಕಬ್ಬು ಹೇರಿದ ಟ್ರ್ಯಾಕ್ಟರಿನವನು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಹೋದ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ಅದನ್ನು ಇದನ್ನು ಮುಟ್ಟಿ ನೋಡಿದೆ. ಡೀಸೆಲ್ ತೋರಿಸುವ ಮುಳ್ಳು ಕೆಟ್ಟಿದ್ದು ನಿನಗೆ ಗೊತ್ತೇ ಇದೆ, ಅದಕ್ಕೆ ಯಾವಾಗಿನ ಹಾಗೆ ನಟ್ಟು ಕಟ್ಟಿದ ದಾರವನ್ನು ಟಾಕಿಗೆ ಇಳಿಬಿಟ್ಟು ಎಷ್ಟು ತೊಯ್ದಿದೆ ಎಂದು ನೋಡಿದೆ. ಡೀಸೆಲ್ ಬೇಕಾದಷ್ಟಿತ್ತು. ಮತ್ತೆ ಚಾಲೂ ಮಾಡಿದರೆ ಏನೂ ಆಗೇ ಇಲ್ಲ ಎನ್ನುವ ಹಾಗೆ ಓಡಿತು. ಅಂದಿನಿಂದ ಇದೇ ಆಟ. ಒಂದು ದಿನ ಹುನಗುಂದ ದಾಟುವ ಮೊದಲೇ ಸೊರಗುತ್ತಿತ್ತು, ಇನ್ನೊಂದು ದಿನ ಬಾಗಲಕೋಟೆ ಮುಟ್ಟುವ ತನಕ ಸುಮ್ಮನಿರುತ್ತಿತ್ತು. ಮೆಕ್ಯಾನಿಕ್‌ ಎದುರು ನಿಲ್ಲಿಸಿದರೆ ಮಾತ್ರ ಒಂದು ಸಲವೂ ಕೆಡಲಿಲ್ಲ. ಹುನಗುಂದದಲ್ಲಿ ಒಬ್ಬರು ಡೀಸೆಲ್ ಫಿಲ್ಟರ್ ಬದಲಿಸಿದರು, ಗಾಳಿಯ ಫಿಲ್ಟರ್ ಬಡಿದು ಧೂಳು ಉದುರಿಸಿದರು. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಇನ್ನು ಪಂಪನ್ನೇ ಬಿಚ್ಚಿ ಹುಬ್ಬಳ್ಳಿಗೆ ಕಳಿಸಬೇಕು, ಇಪ್ಪತ್ತು ದಿನ ಹಿಡಿಯುತ್ತದೆ ಎಂದರು. ಡೀಸೆಲ್ಲಿನಲ್ಲೇ ಏನೋ ಬೆರಕೆ ಇದೆ ಎಂದು ನಾನು ಅದನ್ನು ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿದೆ. ಅವ್ವ ಗಾಡಿಗೆ ಲಿಂಬೆಹಣ್ಣು ಇಳಿಸಿ ಒಗೆದಳು.

ಇಪ್ಪತ್ತು ದಿನ ಎಂದ ಕೂಡಲೇ ಬೇಡ ಎಂದು ಗಾಡಿ ತಿರುಗಿಸಿಕೊಂಡು ಬಂದೆ. ನಿನಗೆ ಡಾಕ್ಟರಮ್ಮ ಕೊಟ್ಟ ದಿನ ಅದರೊಳಗೇ ಬರುತ್ತದೆ. ಎರಡು ವರ್ಷದ ಹಿಂದಿನ ಮಾತನ್ನು ನಾವಿಬ್ಬರೂ ಆಡುವುದಿಲ್ಲ. ಇವತ್ತು ಒಂದು ಸಲ ಬರೆಯುತ್ತೇನೆ, ತಪ್ಪು ತಿಳಿಯಬೇಡ. ನಿನಗೆ ನೋವು ಎದ್ದಾಗ ನಿಮ್ಮಣ್ಣ ಬಸವಂತ ಜೀಪು ತಂದ. ಅದು ಬಾದಾಮಿಯ ದಾರಿಯಲ್ಲಿ ನಿಂತಿತು. ಎರಡು ತಾಸು ನೀನು ಅದರಲ್ಲೇ ಮಲಗಿದ್ದೆ. ದವಾಖಾನೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ಅಂದು ದವಾಖಾನೆಯ ಅಂಗಳದಲ್ಲಿ ಹತ್ತು ಜನರ ಎದುರು ನಾನು ಬಸವಂತನಿಗೆ ಅನ್ನಬಾರದ್ದನ್ನು ಅಂದೆ, ಅಂದಿನಿಂದ ಅವನ ಜೊತೆ ಮಾತು ಬಿಟ್ಟೆ. ಮಗ್ಗದ ಮೇಲಿಂದ ಎದ್ದು ಈ ಹಳೆಯ ಗಾಡಿ ತಂದು ಬಾಡಿಗೆ ಹೊಡೆಯಲು ನಿಂತದ್ದೂ ಅದಕ್ಕೇ, ಮುಂದಿನ ಸಲ ಇನ್ನೊಬ್ಬರ ಗಾಡಿಯ ಹಂಗು ಬೇಡ ಎಂದು. ಈ ಸಲ ನಿನ್ನನ್ನು ಬಿಟ್ಟು ಹೊರಡುವಾಗ ಬಾಗಿಲಲ್ಲಿ ನಿನ್ನ ಕೈ ಹಿಡಿದು, ನನ್ನ ಗಾಡಿ ಬರುವ ತನಕ ಬೇರೆ ಯಾರ ಗಾಡಿಯನ್ನೂ ಹತ್ತುವುದಿಲ್ಲ ಎಂದು ಆಣೆ ಮಾಡಿಸಿದೆ. ಬಸವಂತ ನೀರಿನ ಕೊಡ ಹಿಡಿದು ಅಲ್ಲೇ ನಿಂತಿದ್ದ. ಅವನಿಗೆ ಕೇಳಲಿ ಎಂದೇ ನಾನು ಜೋರಾಗಿ ಹೇಳಿದ್ದು. ಈಗ ನನ್ನ ಗಾಡಿಯೇ ದಾರಿಯಲ್ಲಿ ಸೊರಗುತ್ತಿದೆ, ನೀನು ಆಣೆ ಮಾಡಿ ಕೂತಿದ್ದೀ. ಅನ್ನ ಇಳಿಯುತ್ತಿರಲಿಲ್ಲ ಜಯಶ್ರೀ.

ಮೊನ್ನೆ ರವಿವಾರ ಸೀರೆ ವ್ಯಾಪಾರದ ಲಕ್ಷ್ಮಪ್ಪನವರನ್ನು ಬಾಗಲಕೋಟೆಗೆ ಕರೆದುಕೊಂಡು ಹೊರಟಿದ್ದೆ. ಕಮತಗಿ ಹತ್ತಿರ ಬಂತು, ಗಾಡಿ ಮತ್ತೆ ಸೊರಗಿತು. ಬೇರೆಯವರಾಗಿದ್ದರೆ ಬೈದು ಇಳಿದು ಹೋಗುತ್ತಿದ್ದರು. ಆ ಪುಣ್ಯಾತ್ಮರು ಬೈಯಲಿಲ್ಲ. ಇಲ್ಲಿ ಲಾಡಸಾಬ ಎಂಬ ಮುದುಕ ಇದ್ದಾನೆ, ಹೊಲದ ನೀರೆತ್ತುವ ಎಂಜಿನ್ ರಿಪೇರಿ ಮಾಡುತ್ತ ತಲೆ ಬೆಳ್ಳಗಾಗಿದೆ, ಅವನಿಗೆ ತೋರಿಸು ಎಂದು ಹೇಳಿ, ತಮ್ಮ ಗಂಟು ತಾವೇ ಹೊತ್ತುಕೊಂಡು ಬಸ್ಸು ಹತ್ತಿದರು. ನಾನು ಕುಂಟುತ್ತ ಕುಂಟುತ್ತ ಅವನ ಮನೆ ಮುಂದೆ ಹೋಗಿ ನಿಲ್ಲಿಸಿದೆ.

ಲಾಡಸಾಬ ಬಾನೆಟ್ ಎತ್ತಲಿಲ್ಲ. ಹಳೆಯ ಟಾಯರಿನ ಮೇಲೆ ಕೂತು, ನನ್ನನ್ನು ಇನ್ನೊಂದರ ಮೇಲೆ ಕೂಡಿಸಿ, ದವಾಖಾನೆಯಲ್ಲಿ ಕೇಳುವ ಹಾಗೆ ಕೇಳುತ್ತ ಹೋದ. ಎಷ್ಟು ದೂರ ಓಡಿದ ಮೇಲೆ ಆಗುತ್ತದೆ? ಕರಿ ಹೊಗೆ ಬರುತ್ತದೆಯೇ? ಟಾಕಿ ತುಂಬಿದ ದಿನ ಬೇಗ ಆಗುತ್ತದೋ, ಖಾಲಿ ಇದ್ದ ದಿನವೋ? ಇದನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನೆನಪು ಮಾಡಿಕೊಂಡರೆ, ಭರ್ತಿ ಮಾಡಿಸಿದ ದಿನವೇ ಬೇಗ ಕೈಕೊಡುತ್ತಿತ್ತು. ನಾನೋ ಅಂಜಿ ಅಂಜಿ ದಿನವೂ ಭರ್ತಿ ಮಾಡಿಸುತ್ತಿದ್ದೆ. ನಿಂತಾಗ ಮತ್ತೆ ಚಾಲೂ ಮಾಡುವ ಮೊದಲು ಏನೇನು ಮಾಡುತ್ತೀರಿ, ಒಂದನ್ನೂ ಬಿಡದೆ ಹೇಳಿ ಎಂದ. ಬಾನೆಟ್, ವಾಯರು, ದೇವರ ನೆನಹು, ದಾರ ಇಳಿಬಿಟ್ಟು ನೋಡುವುದು, ಎಲ್ಲ ಹೇಳಿದೆ. ಅವನು ಗಡ್ಡ ಕೆರೆದುಕೊಂಡು, ನಾಳೆ ಟಾಕಿ ಭರ್ತಿ ಮಾಡಿಕೊಂಡು ಬನ್ನಿ, ದಾರ ಮರೆಯಬೇಡಿ ಎಂದಷ್ಟೇ ಹೇಳಿದ.

ನಿನ್ನೆ ಮುಂಜಾನೆ ಹೋದೆ. ಅವನು ಹಿಂದಿನ ಸೀಟಿನಲ್ಲಿ ಟಾಕಿಯ ಬದಿಗೆ ಕೂತು ಹುನಗುಂದದ ಕಡೆ ಹೊಡೆಯಿರಿ ಎಂದ. ಅಮೀನಗಡ ದಾಟಿದ ಮೇಲೆ ಗಾಡಿ ಸೊರಗತೊಡಗಿತು. ಯಾವಾಗಲೂ ಎದೆ ಧಸಕ್ ಅನ್ನುತ್ತಿತ್ತು, ನಿನ್ನೆ ಮೊದಲ ಸಲ ಖುಷಿಯಾಯಿತು, ಇನ್ನೊಬ್ಬರ ಎದುರು ಕೆಟ್ಟಿತಲ್ಲ ಎಂದು. ಬದಿಗೆ ತೆಗೆದುಕೊಳ್ಳಿ, ಆದರೆ ಬಂದ್ ಮಾಡಬೇಡಿ ಎಂದ. ಎಂಜಿನ್ ಸತ್ತೇನೋ ಬದುಕಿಯೇನೋ ಎಂದು ಗುಡುಗುಟ್ಟುತ್ತಿತ್ತು. ಅವನು ಇಳಿದು ಟಾಕಿಯ ಮುಚ್ಚಳವನ್ನು ಸ್ವಲ್ಪವೇ ಸಡಿಲಿಸಿದ. ಸುಂಯ್ ಎಂದು ಸಪ್ಪಳ ಬಂತು. ಆ ಸಪ್ಪಳ ನನಗೆ ಹೊಸದಲ್ಲ, ಪ್ರತಿ ಸಲ ತೆಗೆದಾಗಲೂ ಬರುತ್ತಿತ್ತು. ಒಳಗೆ ಕೂಡಿದ ವಾಸನೆ ಹೊರಗೆ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಲಾಡಸಾಬ ನನ್ನ ದಾರದ ತುದಿಯನ್ನು ಸಂದಿಯ ಹತ್ತಿರ ಹಿಡಿದ. ದಾರ ಹೊರಗೆ ಹಾರಲಿಲ್ಲ ಜಯಶ್ರೀ, ಒಳಗೆ ಎಳೆದುಕೊಂಡಿತು. ಹೊರಗೆ ಹೋಗುತ್ತಿರುವುದು ಏನೂ ಇಲ್ಲ, ಗಾಳಿ ಒಳಗೆ ನುಗ್ಗುತ್ತಿದೆ. ನಾವು ನೋಡುತ್ತಿದ್ದ ಹಾಗೆಯೇ ಎಂಜಿನ್ನಿನ ದನಿ ಸರಿಯಾಯಿತು. ಅಷ್ಟಕ್ಕೇ ಅವನು ಬಿಡಲಿಲ್ಲ. ಮುಚ್ಚಳ ಬಿಗಿ ಮಾಡಿ ಇನ್ನೊಮ್ಮೆ ಓಡಿಸಿದ, ಕೆಟ್ಟಿತು. ಸಡಿಲ ಮಾಡಿ ಓಡಿಸಿದ, ಕೆಡಲಿಲ್ಲ.

ಆಮೇಲೆ ಮುಚ್ಚಳವನ್ನು ತಿರುವಿ ಹಾಕಿ ನೋಡಿದ. ಅದರ ನಡುವಿನ ಸಣ್ಣ ತೂತಿಗೆ ಮೇಣ ತುಂಬಿತ್ತು. ಸುತ್ತಲೂ ಸೈಕಲ್ ಟ್ಯೂಬಿನ ಬಳೆ, ಅದರ ಮೇಲೆ ಮೇಣ ಸವರಿದ ದಾರದ ಬಿಗಿ ಸುತ್ತು. “ಇದನ್ನ ಯಾರು ಕಟ್ಯಾರ?” ಎಂದು ಕೇಳಿದ. ನಾನೇ ಎಂದೆ. “ಡೀಸೆಲ್ ಹೊರಗ ಹೋದಂಗ ಗಾಳಿ ಒಳಗ ಬರಬೇಕಲ್ರಿ. ಗಾಡಿಗಿ ಮೂಗ ಕಟ್ಟಿ ಓಡು ಅಂದ್ರ ಎಲ್ಲಿ ಓಡ್ತೈತಿ? ನೀವ ಮೂಗ ಹಿಡಕೊಂಡು ಹುನಗುಂದತನಕ ಓಡ್ರಿ ನೋಡೂಣು” ಎಂದು ನಕ್ಕ. ಟಾಕಿ ತುಂಬಿದ ದಿನ ಒಳಗೆ ಗಾಳಿ ಕಡಿಮೆ ಇರುತ್ತದೆ, ಅದಕ್ಕೇ ಬೇಗ ಉಸಿರುಗಟ್ಟುತ್ತಿತ್ತು, ದಾರ ಇಳಿಬಿಡಲು ಮುಚ್ಚಳ ತೆಗೆದಾಗೆಲ್ಲ ಉಸಿರು ಬರುತ್ತಿತ್ತು ಎಂದು ಬಿಡಿಸಿ ಹೇಳಿದ. ಕಡೆಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, “ಗಂಟ ಮಾತ್ರ ಭಾರಿ ಹಾಕೀರಿ ಬಿಡ್ರಿ, ನೇಕಾರರ ಕೈ” ಎಂದ.

ನಿನಗೆ ನೆನಪಿದೆಯೇ? ಡಿಸೆಂಬರಿನಲ್ಲಿ ಡಾಕ್ಟರಮ್ಮನಿಗೆ ತೋರಿಸಲು ಬಾಗಲಕೋಟೆಗೆ ಹೊರಟಾಗ ನೀನು ಡೀಸೆಲ್ ವಾಸನೆಗೆ ಮೂರು ಸಲ ವಾಂತಿ ಮಾಡಿಕೊಂಡೆ. ಇದೇ ಕಮತಗಿಯ ಹತ್ತಿರ ರಸ್ತೆಯ ಬದಿಗೆ ಕೂತು, ನಾನು ಈ ಗಾಡಿ ಹತ್ತುವುದಿಲ್ಲ, ನಡೆದು ಬರುತ್ತೇನೆ ಎಂದೆ. ನಿನ್ನನ್ನು ತವರಿಗೆ ಬಿಡುವ ಹಿಂದಿನ ದಿನ ನಾನು ಈ ಉಪಾಯ ಮಾಡಿದ್ದು. ದಾರಿಯಲ್ಲಿ ನೀನು, ಈ ಸಲ ವಾಸನೆಯೇ ಇಲ್ಲ ನೋಡ್ರಿ ಎಂದೆ. ನಾನು ಮೀಸೆಯಲ್ಲೇ ನಕ್ಕೆ. ಆವತ್ತು ಅಮೀನಗಡದಲ್ಲಿ ಚಹಾಕ್ಕೆ ನಿಂತಾಗ ಮುಚ್ಚಳ ತೆಗೆದು ನೋಡಿದ್ದಕ್ಕೆ ನಿನ್ನನ್ನು ಸುಖವಾಗಿ ಮುಟ್ಟಿಸಿದೆ. ತೆಗೆಯದಿದ್ದರೆ ಎಂದು ನೆನೆದರೆ ಈಗಲೂ ಬೆವರು ಬರುತ್ತದೆ.

ಮನೆಯಾಕೆಗೆ ವಾಸನೆ ಆಗುವುದಿಲ್ಲ, ಅದಕ್ಕೆ ಕಟ್ಟಿದೆ ಎಂದು ಲಾಡಸಾಬನಿಗೆ ಹೇಳಿದಾಗ ಅವನು ನಗುವುದನ್ನು ನಿಲ್ಲಿಸಿದ. ಮನೆಗೆ ಮರಳಿದ ಮೇಲೆ ಅವನ ಹೆಂಡತಿ ರೋಷನಬಿಗೆ ತಾನೇ ಇದನ್ನೆಲ್ಲ ಹೇಳಿದ. ಆ ತಾಯಿ ಮುಸುರೆ ತಿಕ್ಕುವುದನ್ನು ಬಿಟ್ಟು ಎದ್ದು ಬಂದರು. “ನಾಕ್ ಹಡದೇನಿ. ನಾಕೂ ಸಲ ಇವರ ಡೀಸೆಲ್ ನಾರೂ ಅಂಗಿ ಹೊರಗ ಜಾಲಿ ಕಂಟಿ ಮ್ಯಾಲ. ಒಳಗ ತರಾಕ ಬಿಟ್ಟಿಲ್ಲ ನಾ” ಎಂದರು. ಆಕೆಯನ್ನು ಮುಂದಿನ ಸೀಟಿನಲ್ಲಿ ಕೂಡಿಸು, ಕಿಟಕಿಯ ಕಾಚು ಇಳಿಸು, ಲಿಂಬೆಯ ಎಲೆ ಹಿಚುಕಿ ಮೂಗಿನ ಹತ್ತಿರ ಹಿಡಿಯಲಿ ಎಂದು ಹೇಳಿ ಹಿತ್ತಲಿನಿಂದ ಸೆರಗಿನ ತುಂಬ ಎಲೆ ಕಿತ್ತು ತಂದರು. ಕೂಸನ್ನು ಕರೆತಂದು ತೋರಿಸಬೇಕು ಎಂದು ಮಾತು ತೆಗೆದುಕೊಂಡರು. ಗುರುತಿಲ್ಲ, ಪರಿಚಯವಿಲ್ಲ, ನನ್ನಂಥವನಿಗೆ ಇವರೆಲ್ಲ ಎಲ್ಲಿಂದ ಒದಗಿ ಬಂದರೋ. ಲಾಡಸಾಬ ಸೂಜಿಯಿಂದ ಮೇಣ ತೆಗೆದು ತೂತು ಬಿಡಿಸಿದ, ಟ್ಯೂಬಿನ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟ. ಅಲ್ಲಿಂದ ಟಾಕಿ ಭರ್ತಿ ಮಾಡಿಸಿ ಬಾಗಲಕೋಟೆಗೆ ಹೋಗಿ, ತಿರುಗಿ ಇಳಕಲ್ಲಿಗೆ ಬಂದೆ. ಒಂದು ಕಡೆಯೂ ನಿಲ್ಲಿಸಲಿಲ್ಲ, ಮುಚ್ಚಳ ಮುಟ್ಟಲಿಲ್ಲ. ಏರಿನಲ್ಲಿ ಎಪ್ಪತ್ತು ಓಡಿತು. ಗಾಡಿಯೊಳಗೆ ಒಬ್ಬನೇ ಕೂತು ಕಣ್ಣೊರೆಸಿಕೊಂಡೆ, ಯಾರಿಗೂ ಹೇಳಬೇಡ.

ಶಿವರಾತ್ರಿಯ ಮರುದಿನ, ಗುರುವಾರ, ಬಿಸಿಲೇರುವ ಮೊದಲೇ ಬರುತ್ತೇನೆ. ಬಾಗಲಕೋಟೆಯಲ್ಲಿ ದವಾಖಾನೆಗೆ ಹತ್ತಿರ ನಮ್ಮ ಚಿಕ್ಕವ್ವನ ಮನೆಯಲ್ಲಿ ಹೆರಿಗೆಯ ತನಕ ಇರೋಣ, ಆಕೆ ಒಪ್ಪಿದ್ದಾಳೆ. ವಾಸನೆ ಸ್ವಲ್ಪ ಬರುತ್ತದೆ, ಅದನ್ನು ಮಾತ್ರ ನಾನು ತಡೆಯಲಾರೆ. ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾಳೆ ಎಂದು ಬರೆಯಲು ಹೇಳಿದಳು. ನೀನೂ ಕೂಸೂ ನೂರು ವರ್ಷ ಸುಖವಾಗಿರಿ.

ನಿನ್ನ,
ಶಿವಸಂಗಪ್ಪ

ತಾ.ಕ.: ಈ ಕಾಗದ ತರುವ ಯಂಕಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತಂತೆ. ಬರೆಯಬೇಕಾದದ್ದನ್ನೇ ಬರೆದಿಲ್ಲ. ಆ ಆಣೆಯನ್ನು ಬಿಟ್ಟುಬಿಡು. ಗುರುವಾರಕ್ಕೆ ಮೊದಲು ನೋವು ಎದ್ದರೆ ನನ್ನ ದಾರಿ ಕಾಯಬೇಡ. ಬಸವಂತ ಯಾವ ಗಾಡಿ ತರುತ್ತಾನೋ ಅದನ್ನು ಹತ್ತು. ಆವತ್ತು ಊರಿನಲ್ಲಿದ್ದದ್ದು ಆ ಒಂದೇ ಜೀಪು, ಅದನ್ನೂ ಅವನು ಕೈಕಾಲು ಹಿಡಿದು ತಂದಿದ್ದ. ಅದು ನನಗೆ ಆವತ್ತೇ ಗೊತ್ತಿತ್ತು. ಲಾಡಸಾಬ ನನಗೆ ಬೈಯಬಹುದಿತ್ತು, ಬೈಯಲಿಲ್ಲ. ಈ ಕಾಗದವನ್ನು ಬಸವಂತನಿಗೆ ಓದಲು ಕೊಡು. ಗುರುವಾರ ಮುಂದಿನ ಸೀಟು ನಿನಗೆ. ಹಿಂದೆ ಟಾಕಿಯ ಬದಿಗೆ ಅವನು ಕೂತು ಬಂದರೆ ನನಗೆ ಧೈರ್ಯ. ಬರುತ್ತಾನೇನು, ಕೇಳಿ ನೋಡು.