ಎರಡು ಸಲ ಬಿದ್ದ ಉಪ್ಪು

ನಾಚಾರಂ, ಬುಧವಾರ

ಮಹಾನಂದಾ ವೈನಿಯವರಿಗೆ ಸೂರ್ಯಕಾಂತನ ನಮಸ್ಕಾರ.

ಒಂದೇ ಕಟ್ಟಡದಲ್ಲಿದ್ದೂ ಪತ್ರ ಬರೆಯುತ್ತಿದ್ದೇನೆ. ನಿಮ್ಮನ್ನು ಕಾಣಲು ಆಫೀಸಿನವರು ನನಗೆ ಮುಂದಿನ ವಾರ ಸಮಯ ಕೊಟ್ಟಿದ್ದಾರೆ.

ಅಂಗಡಿಗಳಿಂದ ವಾಪಸಾದ ಶೇಂಗಾ ಹಿಂಡಿಯ ಪೊಟ್ಟಣ ಒಡೆದು, ಚಟ್ನಿಪುಡಿಯನ್ನು ತಿಂದು ನೋಡಿದೆ. ಬಾಯಿಗಿಡುವಂತಿಲ್ಲ, ಉಪ್ಪು ಎರಡು ಸಲ ಬಿದ್ದಿದೆ. ತಪ್ಪು ಯಂಕಮ್ಮನದೆಂದು ಮೇಲಿನವರು ಅವಳನ್ನು ಕೆಲಸದಿಂದ ತೆಗೆದಿದ್ದಾರೆ.

ನಿಮ್ಮ ಅಡುಗೆಮನೆಯಲ್ಲಿ ನಾವು ನಾಲ್ವರೇ ಹಿಂಡಿ ಮಾಡುತ್ತಿದ್ದಾಗ, ಉಪ್ಪು ಹಾಕಿದವರು ಕೂಗಿ ಹೇಳಬೇಕಿತ್ತು. ಯಂಕಮ್ಮ "ಉಪ್ಪು ಬಿತ್ರೀ!" ಎಂದರೆ, "ಓಣಿಗೆಲ್ಲಾ ಕೇಳ್ತು ಬಿಡವಾ" ಎಂದು ನೀವು ನಗುತ್ತಿದ್ದಿರಿ.

ಹುರಿದ ಶೇಂಗಾಕ್ಕೆ ಉಪ್ಪು ಹಾಕಿ ಅವಳು ಈ ಕಾರ್ಖಾನೆಯಲ್ಲೂ ಹಾಗೇ ಕೂಗುತ್ತಿದ್ದಳು. ಆದರೆ ಕುಟ್ಟುವ ಕೋಣೆ ಗೋಡೆಯ ಆಚೆಗಿದೆ, ಅಲ್ಲಿ ಯಂತ್ರದ ಸದ್ದು. ಹೊಸ ಹೆಣ್ಣುಮಕ್ಕಳು ಅವಳ ಮುಖವನ್ನೂ ನೋಡಿಲ್ಲ. ಉಪ್ಪು ಮರೆತಿರಬಹುದೆಂದು ಅವರೂ ಹಾಕಿದರು. ಎರಡೂ ಕಡೆಯವರು ಕಾಳಜಿಯಿಂದಲೇ ಕೆಲಸ ಮಾಡಿದ್ದಾರೆ. ಹಿಂಡಿ ಮಾತ್ರ ಕೆಟ್ಟಿದೆ. ಹುರಿಯುವ ಹೊಗೆ ಕುಟ್ಟುವ ಕಡೆ ಬರಬಾರದೆಂದು ಗೋಡೆ ಬೇಕೆಂದವರು ನಾವೇ. ಅದು ತಪ್ಪೆಂದೂ ನನಗೆ ಅನ್ನಿಸುವುದಿಲ್ಲ. ಗೋಡೆಯಲ್ಲೊಂದು ಕಿಟಕಿ ಇಡಿಸಲು ಒಪ್ಪಿಗೆ ಕೊಡಿ.

ಯಂಕಮ್ಮ ಇವತ್ತೂ ಬುತ್ತಿ ಕಟ್ಟಿಕೊಂಡು ಬಂದು ಗೇಟಿನ ಹೊರಗೆ ಕುಳಿತಿದ್ದಾಳೆ. ಮನೆಗೆ ಹೋಗೆಂದರೆ, "ಮಹಾನಂದಾ ಅಕ್ಕಾರ ಬಾಯಿಲೆ 'ಹೋಗು' ಅನ್ನೂದ ಕೇಳಿ ಹೋಗ್ತೀನ್ರಿ. ಮ್ಯಾಲಿನವ್ರು ಅಂದ್ರ ನನಗ ಯಾರಂತ ಗೊತ್ತ?" ಎನ್ನುತ್ತಾಳೆ.

ನಾನು ಅವಳನ್ನು ಒಳಗೆ ಕರೆಯಬಲ್ಲೆ. ಆದರೆ ಇನ್ನೊಬ್ಬರು ಬಂದು ಹೊರಗೆ ಕಳಿಸುತ್ತಾರೆ, ಅವರಿಗೆ ನಾನು ಕರೆದದ್ದು ಗೊತ್ತಿರುವುದಿಲ್ಲ. ಬಿಸಿಲು ಏರುತ್ತಿದೆ. ನೀವೇ ಒಮ್ಮೆ ಕೆಳಗಿಳಿದು ಬನ್ನಿ.

ನಿಮ್ಮ ಮೈದುನ,
ಸೂರ್ಯಕಾಂತ